ಉಣ್ಣಿ ನೋಡುವ ಹೊತ್ತು

ಶವದ ವ್ಯಾನಿನ ಅಡಿಯಲ್ಲಿ ಮಲಗಿದ್ದ ನಾಯಿಯನ್ನು, ತೀರಿಕೊಂಡ ಬಸ್ ಕಂಡಕ್ಟರನ ತಂಗಿಯ ಗಂಡ ಛತ್ರಿಯ ತುದಿಯಿಂದ ತಿವಿಯುತ್ತಿದ್ದ. ಅದು ಗುರ್ ಎನ್ನಲೂ ಇಲ್ಲ, ಏಳಲೂ ಇಲ್ಲ. ಹಿಂದಿನ ಗಾಲಿಗೆ ಬೆನ್ನು ಒತ್ತಿಕೊಂಡು ಇನ್ನಷ್ಟು ಮುದುಡಿತು.

"ಗಾಡಿ ಸ್ಟಾರ್ಟ್ ಮಾಡಪ್ಪಾ, ತಾನೇ ಓಡುತ್ತೆ," ಎಂದ.

"ಓಡದೇ ಇದ್ರೆ? ಒಟ್ಟಿಗೆ ಎರಡು ಹೆಣ ಸಾಗಿಸ್ಲಾ ನಾನು?" ವ್ಯಾನಿನವನು ಕೀಲಿ ಮುಟ್ಟಲಿಲ್ಲ.

ಕಂಡಕ್ಟರನ ತಂಗಿ ಬಾಗಿಲಲ್ಲೇ ನಿಂತು ಮೂಗು ಒರೆಸಿಕೊಂಡಳು. "ಅಣ್ಣ ಅದಕ್ಕೆ ಏನೋ ಒಂದು ಮಾತು ಹೇಳ್ತಿದ್ದ. ಹೇಳಿದ ತಕ್ಷಣ ಎದ್ದು ಬರ್ತಿತ್ತು. ಯಾರಿಗಾದ್ರೂ ಗೊತ್ತಾ?"

ಎದುರು ಮನೆಯ ಟೈಲರಮ್ಮನಿಗೆ ಗೊತ್ತಿತ್ತು. ಬೇರೆ ಯಾರಾದರೂ ಹೇಳಲಿ ಎಂದು ಸ್ವಲ್ಪ ಕಾದಳು. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ವ್ಯಾನಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಯಾರಿಗೂ ಕೇಳಿಸಬಾರದು ಎನ್ನುವಷ್ಟು ಮೆಲ್ಲಗೆ ಕರೆದಳು. "ಸೀಟೀ... ರೈಟ್, ರೈಟ್."

ನಾಯಿ ತೆವಳಿಕೊಂಡು ಹೊರಬಂದು ಅವಳ ಕಾಲಿಗೆ ಮೈ ತಾಗಿಸಿ ನಿಂತಿತು. ಯಾರೋ ನಕ್ಕರು, ನಕ್ಕವರೇ ಕಣ್ಣೊರೆಸಿಕೊಂಡರು. ವ್ಯಾನು ಹೊರಟಿತು.

"ನೀವೇನಾ ಟೈಲರಮ್ಮ!" ತಂಗಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಫೋನ್ ಮಾಡಿದಾಗೆಲ್ಲ ನಿಮ್ಮ ಮಾತೇ. ನಾಯಿ ಹೇಗೆ ಸಾಕ್ಬೇಕು ಅಂತ ಎದುರು ಮನೆಯಮ್ಮ ನಂಗೆ ಬುದ್ಧಿ ಕಲಿಸಿದ್ರು ಅಂತಿದ್ದ."

ಟೈಲರಮ್ಮನಿಗೆ ಕೈ ಬಿಡಿಸಿಕೊಳ್ಳಬೇಕೆನಿಸಿತು. ಬಿಡಿಸಿಕೊಳ್ಳಲಿಲ್ಲ.

*

ಬುದ್ಧಿ ಕಲಿಸಿದ್ದು ನಡುಬೀದಿಯಲ್ಲಿ.

ಆಗ ಕಂಡಕ್ಟರನಿಗೆ ನಿವೃತ್ತಿಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಡಿಪೋದಲ್ಲಿ ಸಿಕ್ಕ ಮರಿಯನ್ನು ಮನೆಗೆ ತಂದಿದ್ದ. ಸೀಟಿ ಊದಿದ ಹಾಗೆ ಕುಂಯ್ ಎನ್ನುತ್ತಿದ್ದುದರಿಂದ ಅದಕ್ಕೆ ಅದೇ ಹೆಸರು. ಬೀದಿಯ ಮಕ್ಕಳೆಲ್ಲ ಸಂಜೆಗೆ ಅವನ ಮೆಟ್ಟಿಲ ಮೇಲೆ ಸೇರುತ್ತಿದ್ದರು. ಅವನು ಚಿಲ್ಲರೆ ಇಲ್ಲ ಎಂದು ಅವರನ್ನು ಗದರಿಸುವುದು, ಹಳೇ ಟಿಕೆಟ್ ಹರಿದು ಕೊಡುವುದು, ನಾಯಿಗೂ ಅರ್ಧ ಟಿಕೆಟ್ ಹರಿಯುವುದು. ಟೈಲರಮ್ಮನ ಮಗಳಿಗೆ ಅಲ್ಲಿ ಖಾಯಂ ಸೀಟು.

ಒಂದು ದಿನ ಮಗಳ ಫ್ರಾಕಿನ ಮೇಲೆ ಉಬ್ಬಿದ ಉಣ್ಣಿಯೊಂದು ಹರಿದಾಡುತ್ತಿತ್ತು. ಅದೇ ವಾರ ಹುಡುಗಿಗೆ ಕೆಂಡದಂಥ ಜ್ವರ. ಟೈಲರಮ್ಮ ಹೊಲಿಗೆ ಮಿಷನ್ನಿನಿಂದ ಎದ್ದವಳೇ ಬೀದಿಗೆ ಬಂದು ಬಾಯಿಗೆ ಬಂದ ಹಾಗೆ ಬೈದಳು. ನಿಮ್ಮ ದರಿದ್ರ ನಾಯಿ ನನ್ನ ಮಗಳನ್ನ ತಿಂದುಹಾಕುತ್ತೆ ಎಂದಳು. ಮಕ್ಕಳು ಮರಿ ಇಲ್ಲದವರಿಗೆ ಏನು ಗೊತ್ತಾಗುತ್ತೆ ಎಂದೂ ಅಂದಳು. ಬೀದಿಯೆಲ್ಲ ಕೇಳಿಸಿಕೊಂಡಿತು. ಮರುದಿನದಿಂದ ಅವನ ಮೆಟ್ಟಿಲು ಖಾಲಿ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಉಣ್ಣಿಯ ಮಾತನ್ನೇ ಎತ್ತಲಿಲ್ಲ. ಇದು ಕೊಳಕು ನೀರಿನಿಂದ ಬಂದ ಜ್ವರ, ಮನೆಯ ಟ್ಯಾಂಕ್ ತೊಳೆದು ಎಷ್ಟು ದಿನವಾಯಿತು ಎಂದು ಕೇಳಿದರು. ಅವಳಿಗೆ ನೆನಪೇ ಇರಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ ಟ್ಯಾಂಕ್ ತೊಳೆಸಿದಳು. ಪಾಚಿ ಬಕೆಟ್‌ಗಟ್ಟಲೆ ಬಂತು.

ತಪ್ಪು ನಾಯಿಯದಲ್ಲ ಎಂದು ನಾಳೆ ಹೇಳಿದರಾಯಿತು ಎಂದುಕೊಂಡಳು. ಅಷ್ಟರಲ್ಲಿ ಕಂಡಕ್ಟರ್ ಶುರುಮಾಡಿಬಿಟ್ಟಿದ್ದ.

ಬೇವಿನ ಎಲೆ ಕುದಿಸಿದ ನೀರಿನಲ್ಲಿ ನಾಯಿಗೆ ಸ್ನಾನ. ನಿಂಬೆಹೋಳು ಬೇಯಿಸಿ ಸೋಸಿದ ನೀರನ್ನು ಇಸ್ತ್ರಿಯವರ ಥರ ಬಾಟಲಿಯಿಂದ ಅದರ ಮೈಗೆ ಚಿಮುಕಿಸುವುದು. ಮಲಗುವ ಗೋಣಿಯನ್ನು ಬಿಸಿಲಿಗೆ ಹಾಕುವುದು. ಆಮೇಲೆ ಸಂಜೆ, ಒಳಗಲ್ಲ, ಅವಳ ಕಿಟಕಿಗೆ ನೇರವಾಗಿ ಕಾಣುವ ಮೆಟ್ಟಿಲ ಮೇಲೆ ಕೂತು ಉಣ್ಣಿ ನೋಡುವುದು. ಕಿವಿಯ ಒಳಗೆ, ಕುತ್ತಿಗೆ ಪಟ್ಟಿಯ ಕೆಳಗೆ, ಕಂಕುಳಲ್ಲಿ, ಬಾಲದ ಬುಡದಲ್ಲಿ, ಬೆರಳುಗಳ ಸಂದಿಯಲ್ಲಿ. ಸಿಕ್ಕಿದ್ದನ್ನು ಚಿಮಟದಿಂದ ಬುಡಕ್ಕೇ ಹಿಡಿದು ನೆಟ್ಟಗೆ ಎಳೆದು ಸೋಪಿನ ನೀರಿಗೆ ಹಾಕುತ್ತಿದ್ದ. ಎಲ್ಲ ಮುಗಿದ ಮೇಲೆ ತಲೆಯೆತ್ತಿ ಕೂಗುತ್ತಿದ್ದ.

"ಇವತ್ತು ಒಂದೂ ಇಲ್ಲಮ್ಮಾ!"

ಅವಳು ತಲೆ ಆಡಿಸುತ್ತಿದ್ದಳು. ಮಿಷನ್ ತುಳಿಯುತ್ತಿದ್ದಳು. ಮಗಳು ದೊಡ್ಡವಳಾಗಿ ಮದುವೆಯಾಗಿ ಹೋದಳು. ಕಂಡಕ್ಟರ್ ಮಾತ್ರ ದಿನಾ ಲೆಕ್ಕ ಒಪ್ಪಿಸುತ್ತಲೇ ಇದ್ದ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಆಮೇಲಾಮೇಲೆ ಅವಳು ಸಂಜೆ ಕಿಟಕಿಗೆ ಬೆನ್ನು ಹಾಕಿ ಕೂರತೊಡಗಿದಳು. ಆದರೂ ಕೂಗು ಬರುತ್ತಿತ್ತು.

*

ಎಲ್ಲ ಮುಗಿಸಿ ಗಂಡಸರು ವಾಪಸ್ ಬಂದಾಗ ಹೊತ್ತು ಇಳಿದಿತ್ತು. ಟೈಲರಮ್ಮ ತನ್ನ ಮನೆಯಿಂದ ಚಹಾ ತಂದಿದ್ದಳು. ತಂಗಿಯ ಗಂಡ ಲೋಟ ಕೆಳಗಿಟ್ಟು ನಾಯಿಯತ್ತ ನೋಡಿದ.

"ಇದನ್ನೇನು ಮಾಡೋದು? ನಾಳೆ ಹೋಗ್ತಾ ಹೈವೇ ಆಚೆ ಬಿಟ್ಟುಹೋಗೋಣ."

"ಪಾಪ ರೀ, ಮುದಿನಾಯಿ," ಎಂದಳು ತಂಗಿ.

"ಪಾಪ ಅಂತ ಮನೆಗೆ ಕರ್ಕೊಂಡು ಹೋಗ್ತೀಯಾ? ಮೊಮ್ಮಕ್ಕಳಿದಾರೆ. ಎದುರು ಮನೆ ಮಗುವಿಗೆ ಏನಾಯ್ತು ಅಂತ ನಿಮ್ಮಣ್ಣನೇ ಹೇಳಿದ್ನಲ್ಲ. ಕೇಳು ಬೇಕಾದ್ರೆ, ಇಲ್ಲೇ ಇದಾರೆ."

ಇಬ್ಬರೂ ಅವಳತ್ತ ತಿರುಗಿದರು. ಟೈಲರಮ್ಮ ಚಹಾದ ಪಾತ್ರೆ ಕೆಳಗಿಟ್ಟಳು.

"ಅದು ನಾಯಿಯಿಂದ ಬಂದ ಜ್ವರ ಅಲ್ಲ," ಎಂದಳು. "ನಮ್ಮನೆ ಟ್ಯಾಂಕಿನ ನೀರಿಂದ ಬಂದಿದ್ದು. ಡಾಕ್ಟರು ಆವಾಗ್ಲೇ ಹೇಳಿದ್ರು."

"ಅಣ್ಣಂಗೆ ಗೊತ್ತಿತ್ತಾ?"

"ಇಲ್ಲ."

"ನೀವು ಹೇಳ್ಲಿಲ್ವಾ?"

"ಹೇಳ್ಬೇಕು ಹೇಳ್ಬೇಕು ಅಂತಾನೇ..."

ತಂಗಿ ಗೋಡೆಗೆ ಒರಗಿದಳು. ದನಿ ಏರಲಿಲ್ಲ. "ಅವ್ನು ನಮ್ಮನೆಗೆ ಬರೋದನ್ನೇ ಬಿಟ್ಟಿದ್ದ, ಗೊತ್ತಾ ನಿಮ್ಗೆ? ನನ್ನ ಮಗಳು ಹೆತ್ತಾಗ್ಲೂ ಒಳಗೆ ಬರ್ಲಿಲ್ಲ. ತನ್ನ ಬಟ್ಟೆಗೆ ಉಣ್ಣಿ ಏನಾದ್ರೂ ಅಂಟ್ಕೊಂಡಿದ್ರೆ, ಕೂಸಿಗೆ ಆಗಬಾರದ್ದು ಆದ್ರೆ ಅಂತ. ಗೇಟಿನ ಹತ್ರ ನಿಂತು, ಎತ್ತಿ ತೋರ್ಸು ಅಂದ. ದೂರದಿಂದ ನೋಡಿ ಹೋದ."

ಟೈಲರಮ್ಮ ನೆಲ ನೋಡುತ್ತಿದ್ದಳು. ಕ್ಷಮಿಸಿ ಎನ್ನಲು ಬಾಯಿ ತೆರೆದಳು. ಆ ಮಾತನ್ನು ಕೇಳಿಸಿಕೊಳ್ಳಬೇಕಾದವನು ಇಲ್ಲಿ ಇರಲಿಲ್ಲ.

"ನಾಯಿನ ನಾನು ನೋಡ್ಕೋತೀನಿ," ಎಂದಳು.

"ನೋಡ್ಕೊಳ್ಳಿ," ಎಂದು ತಂಗಿ ಖಾಲಿ ಲೋಟಗಳನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದಳು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಲೋಟಗಳನ್ನು ಪಕ್ಕಕ್ಕಿಟ್ಟು ಟೈಲರಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಹತ್ತಿರ ಬಂದ ಸೀಟಿ ತಾನಾಗಿಯೇ ಅಡ್ಡಾಗಿ, ಮುಂಗಾಲೊಂದನ್ನು ಅವಳ ಮಡಿಲಿಗೆ ಚಾಚಿತು. ಅವಳು ಬೆರಳುಗಳ ಸಂದಿ ಬಿಡಿಸಿ ನೋಡಿದಳು. ಕಿವಿ ಮಡಚಿ ನೋಡಿದಳು. ಸೂಜಿಯ ಕಣ್ಣು ಹುಡುಕಿ ಪಳಗಿದ ಕಣ್ಣುಗಳಿಂದ ಕುತ್ತಿಗೆ, ಕಂಕುಳು, ಬಾಲದ ಬುಡ, ಎಲ್ಲ ಕಡೆ ಕೂದಲನ್ನು ಎಳೆಎಳೆಯಾಗಿ ಬಿಡಿಸಿದಳು. ಇನ್ನೂ ಬೇವಿನ ಕಹಿ ವಾಸನೆ ಬರುತ್ತಿತ್ತು. ಚರ್ಮ ಆಗ ತಾನೇ ಒಗೆದ ಬಟ್ಟೆಯಷ್ಟು ಸ್ವಚ್ಛ.

ಒಂದು ಉಣ್ಣಿಯಾದರೂ ಸಿಗಲಿ ಎಂದು ಅವಳು ಮತ್ತೆ ಕಿವಿಯಿಂದ ಶುರುಮಾಡಿದಳು.