ಹನ್ನೊಂದು ಇಂಜಿನಿಯರರ ನೆತ್ತಿ ಕಂಡ ಪೇಟ

ನಾನು ಒಂದು ಮೈಸೂರು ಪೇಟ. ಮೈಸೂರು ಹೆಸರಿಗೆ ಮಾತ್ರ. ನಾನು ಹುಟ್ಟಿದ್ದು ತುಮಕೂರಿನ ಒಂದು ಅಂಗಡಿಯ ಅಟ್ಟದ ಮೇಲೆ. ರಟ್ಟಿನ ಬಳೆಗೆ ಕೇಸರಿ ಸ್ಯಾಟಿನ್ ಸುತ್ತಿ, ಅಂಟು ಬಳಿದು, ಪ್ಲಾಸ್ಟಿಕ್ ಜರಿ ಹೊಲಿದು ಒಂದೇ ಗಂಟೆಯಲ್ಲಿ ನನ್ನನ್ನು ಮುಗಿಸಿದರು. ಬೇರೆ ವಸ್ತುಗಳು ಮನುಷ್ಯರನ್ನು ಕೆಳಗಿನಿಂದ ನೋಡುತ್ತವಂತೆ. ನನಗೆ ಆ ಭಾಗ್ಯವಿಲ್ಲ. ನಾನು ಕಂಡದ್ದೆಲ್ಲ ನೆತ್ತಿ: ಎಣ್ಣೆ, ಬೆವರು, ತಲೆಹೊಟ್ಟು, ಇಳಿಯುವ ಕಪ್ಪು ಬಣ್ಣ. ಹೇಸಿಗೆ ಎಂದರೇನೆಂದು ನನ್ನನ್ನು ಕೇಳಿ.

ನನ್ನನ್ನು ಕೊಂಡವರು ಒಂದು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು ಮೃತ್ಯುಂಜಯಪ್ಪ. ಮಕ್ಕಳಿಗೆ ಸ್ಫೂರ್ತಿ ತುಂಬಲು ತಿಂಗಳಿಗೊಬ್ಬ ಇಂಜಿನಿಯರನ್ನು ತರಗತಿಗೆ ಕರೆಸಿ, ಫೋಟೋ ತೆಗೆದು ಕಳಿಸಬೇಕೆಂದು ದೀಪಾವಳಿಯ ಹೊತ್ತಿಗೆ ಅವರಿಗೆ ಇಲಾಖೆಯಿಂದ ಆದೇಶ ಬಂದಿತ್ತು. ಹಾರ, ಶಾಲು ಅತಿಥಿಗೆ. ನಾನು ಮಾತ್ರ ಫೋಟೋ ಆದ ಮೇಲೆ ಬೀರುವಿಗೆ ವಾಪಸ್ಸು, ಒಗೆಯದೆ, ಒಣಗಿಸದೆ.

ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಸ್ವಾಗತ, ಪ್ರಾರ್ಥನೆ, ಸನ್ಮಾನಕ್ಕೇ ಇಪ್ಪತ್ತೈದು ನಿಮಿಷ ಹೋಗುತ್ತಿತ್ತು. ಉಳಿದದ್ದರಲ್ಲಿ ಅತಿಥಿ ತಮ್ಮ ಹತ್ತನೇ ತರಗತಿಯ ಅಂಕ ಹೇಳುವರು. ಒಬ್ಬರಾದರೂ ಸೇತುವೆ ಹೇಗೆ ನಿಲ್ಲುತ್ತದೆಂದು ಹೇಳಲಿಲ್ಲ. ಕೊನೆಗೆ ಒಂದೇ ಒಂದು ಪ್ರಶ್ನೆ. ಅದನ್ನೂ ಮೇಷ್ಟ್ರೇ ಚೀಟಿಯಲ್ಲಿ ಬರೆದುಕೊಟ್ಟಿರುತ್ತಿದ್ದರು: "ಸರ್, ತಮ್ಮ ಯಶಸ್ಸಿನ ಗುಟ್ಟೇನು?"

ಅದನ್ನು ಓದುತ್ತಿದ್ದವಳು ಒಂಬತ್ತನೇ ತರಗತಿಯ ರಂಗಲಕ್ಷ್ಮಿ. ಗಾರೆ ಕೆಲಸದವನ ಮಗಳು, ಗಟ್ಟಿ ದನಿ. ನಾಲ್ಕು ಕಿಲೋಮೀಟರ್ ನಡೆದು ಬರುತ್ತಿದ್ದಳು. ಹುಡುಗಿಯರ ಶೌಚಾಲಯದ ನಲ್ಲಿಯಲ್ಲಿ ಒಂದು ದಿನವೂ ನೀರು ಬಂದಿರಲಿಲ್ಲ. ಊರಿನ ಹುಡುಗಿಯರು ಮಧ್ಯಾಹ್ನ ಮನೆಗೆ ಹೋಗಿಬರುವರು, ಕೆಲವರು ತಿರುಗಿ ಬಾರರು. ದೂರದ ಇವಳು ಬೆಳಗಿನಿಂದ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಬಾಗಿ ಕೂರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಆರನೆಯ ಅತಿಥಿ ಆ ಶೌಚಾಲಯ ಕಟ್ಟಿಸಿದ ಇಂಜಿನಿಯರೇ. ಅವರ ಹೆಸರು ಅದರ ಗೋಡೆಯ ಕಲ್ಲಿನ ಮೇಲಿತ್ತು. ರಂಗಲಕ್ಷ್ಮಿ ಎದ್ದು ನಿಂತಳು. ಚೀಟಿ ನೋಡಲೇ ಇಲ್ಲ.

"ಸಾ, ಕಕ್ಕಸ್ಸು ದಿಬ್ಬದ್ ಮೇಲೈತೆ, ಟ್ಯಾಂಕು ತಗ್ಗಲ್ಲೈತೆ. ನೀರು ಹೆಂಗ್ ಸಾ ಮೇಲಕ್ ಹತ್ತುತ್ತೆ?"

ನನ್ನ ಕೆಳಗೆ ಆ ನೆತ್ತಿ ಒಮ್ಮೆಲೇ ಬೆವರಿತು. ಕಪ್ಪು ಬಣ್ಣ ಕರಗಿ ನನ್ನ ಅಂಚಿಗೆ ಹತ್ತಿತು. ಆದರೆ ಬಾಯಿ ನಗುತ್ತಿತ್ತು.

"ವೆರಿ ಗುಡ್! ಎಂಥಾ ಒಳ್ಳೆ ಪ್ರಶ್ನೆ! ಎಲ್ರೂ ಜೋರಾಗಿ ಚಪ್ಪಾಳೆ ತಟ್ಟಿ!"

ಮಕ್ಕಳು ತಟ್ಟಿದರು. ಬೆಲ್ ಆಯಿತು. ರಾಷ್ಟ್ರಗೀತೆ ಮುಗಿಯಿತು. ಉತ್ತರ ಬರಲೇ ಇಲ್ಲ. ಥೂ! ನಾನು ಆ ತಲೆಯ ಮೇಲೆ ಮೆರೆಯುತ್ತ ಕೂತಿದ್ದೆ.

ಮುಂದಿನ ತಿಂಗಳು ಮೇಷ್ಟ್ರು ಅವಳ ಕೈಗೆ ಸನ್ಮಾನದ ತಟ್ಟೆ ಕೊಟ್ಟರು. "ಬಾಯ್ ಮುಚ್ಕೊಂಡು ಇದನ್ ಹಿಡ್ಕೊಂಡ್ ನಿಂತ್ಕೋ. ನನ್ ಮಾನ ಕಳೀಬೇಡ." ತಟ್ಟೆಯಲ್ಲಿ ನಾನಿದ್ದೆ. ಅವಳು ಯಾರೂ ಕಾಣದಂತೆ ನನ್ನ ಒಳಮಡಿಕೆಗೆ ಒಂದು ಚೀಟಿ ತೂರಿಸಿದಳು.

ಏಳನೆಯವರು ಹಣೆ ಕೆರೆದುಕೊಂಡರು, ಅಷ್ಟೇ. ಎಂಟನೆಯವರಿಗೆ ಚೀಟಿ ಇದ್ದದ್ದೇ ತಿಳಿಯಲಿಲ್ಲ. ಒಂಬತ್ತನೆಯವರು ಹೊರಗೆ ತೆಗೆದು, ಪೂರ್ತಿ ಓದಿ, ಅತ್ತಿತ್ತ ನೋಡಿ, ಮತ್ತೆ ಮಡಿಚಿ ಒಳಗೇ ತುರುಕಿದರು. ಇಂಥವರ ಮೈಮೇಲಿನ ಶಾಲಿಗಿಂತ ನೆಲ ಒರೆಸುವ ಬಟ್ಟೆ ವಾಸಿ. ದಸರಾ ರಜೆ ಮುಗಿದ ಮೇಲೆ ತಟ್ಟೆ ಬೇರೆ ಹುಡುಗಿಯ ಕೈಗೆ ಬಂತು. ಹತ್ತನೆಯವರು ನಿದ್ದೆಗಣ್ಣಿನಲ್ಲೇ ಸನ್ಮಾನ ಮಾಡಿಸಿಕೊಂಡು ಹೋದರು.

ಹನ್ನೊಂದನೆಯವರು ವಾರಿಜಾ ಮೇಡಂ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತಷ್ಟೇ. ಚೀಟಿ ಚುಚ್ಚಿದ ಕೂಡಲೇ ಅವರು ನನ್ನನ್ನು ಇಳಿಸಿ ಮೇಜಿನ ಮೇಲಿಟ್ಟು, ಅದನ್ನು ತೆಗೆದು ಎಲ್ಲರೆದುರು ಓದಿದರು.

"ಇಂಜಿನಿಯರ್ ಅವರಿಗೆ ನಮಸ್ಕಾರ. ನಮ್ಮ ಅಪ್ಪ ಗೋಡೆಯ ಮಟ್ಟ ನೋಡುವ ಲೆವೆಲ್ ಪೈಪು ಹಿಡಿದು ನೋಡಿದೆ. ಮೋಟಾರು ನೀರು ತುಂಬುವ ಟ್ಯಾಂಕು ನಲ್ಲಿಗಿಂತ ಐದು ಅಡಿ ಕೆಳಗಿದೆ. ಅದನ್ನು ಶೌಚಾಲಯದ ಛಾವಣಿ ಮೇಲೆ ಇಟ್ಟರೆ ನೀರು ಬರುತ್ತದೆ. ನನ್ನ ಲೆಕ್ಕ ಸರಿಯೋ ತಪ್ಪೋ ದಯವಿಟ್ಟು ಹೇಳಿ. ರಂಗಲಕ್ಷ್ಮಿ, ಒಂಬತ್ತನೇ ತರಗತಿ."

ಮೇಡಂ ಎದ್ದು ಶೌಚಾಲಯದ ಹಿಂದಕ್ಕೆ ಹೋದರು. ತಿರುಗಿ ಬಂದಾಗ ಅವರ ಸೀರೆಯ ಅಂಚೆಲ್ಲ ಕೆಸರು.

"ಯಾರಮ್ಮಾ ರಂಗಲಕ್ಷ್ಮಿ? ಎದ್ದೇಳು."

ಯಾರೂ ಏಳಲಿಲ್ಲ. ಮೇಷ್ಟ್ರು ಕೆಮ್ಮಿದರು. "ದಸರಾ ಆದ್ಮೇಲೆ ಬರ್ಲೇ ಇಲ್ಲ ಮೇಡಂ. ಏನೋ ಹೊಟ್ಟೆನೋವಂತೆ. ಈಗ ಅವರಪ್ಪನ ಜೊತೆ ಗಾರೆ ಕೆಲ್ಸಕ್ಕೆ ಹೋಗ್ತಾಳೆ."

ಮೇಡಂ ಚೀಟಿಯ ಕೆಳಗೆ "ನಿನ್ನ ಲೆಕ್ಕ ಸರಿ. ಶಾಲೆಗೆ ಬಾ" ಎಂದು ಬರೆದು ಸಹಿ ಹಾಕಿದರು. "ಇದನ್ನ ಇವತ್ತೇ ಅವಳ ಕೈಗೆ ಕೊಡಿ ಸರ್."

"ಖಂಡಿತಾ ಮೇಡಂ, ಖಂಡಿತಾ," ಎಂದರು ಮೇಷ್ಟ್ರು.

ತಿಂಗಳೊಳಗೆ ಟ್ಯಾಂಕು ಛಾವಣಿ ಏರಿತು. ನಲ್ಲಿಯಲ್ಲಿ ನೀರು ಬಂತು. ಅದರದೂ ಫೋಟೋ ತೆಗೆದರು. ನನಗೀಗ ವಯಸ್ಸಾಯಿತು. ಜರಿ ಕಿತ್ತುಹೋಗಿದೆ, ರಟ್ಟು ಮೆತ್ತಗಾಗಿದೆ. ಹೊಸ ಪೇಟ ಬಂದ ಮೇಲೆ ನನ್ನನ್ನು ಬೀರುವಿನ ಕೆಳಗಿನ ಖಾನೆಗೆ ನೂಕಿದ್ದಾರೆ. ಹನ್ನೊಂದು ತಲೆ ಹೊತ್ತ ನನಗೆ ಉಳಿದಿರುವುದು ಇದೊಂದೇ ಕಾಗದ. ಅಂದು ಮೇಡಂ ಗೇಟು ದಾಟಿದ ಕೂಡಲೇ ಮೇಷ್ಟ್ರು ಅದನ್ನು ನಾಲ್ಕು ಮಡಿಕೆ ಮಾಡಿ, ನನ್ನೊಳಗೇ ತುರುಕಿ, ಬೀರುವಿಗೆ ಬೀಗ ಹಾಕಿದ್ದರು.