ಎಡಗಡೆಯ ದೇವದೂತ

"ರೆಕ್ಕೆ ಸಡಿಲಾಗಿತ್ತು, ಬೆಸುಗೆಗೆ ಕಳಿಸಿದೀನಿ ಅಂತ ಹೇಳಿದೆನಲ್ಲ, ಓರ್ಸೋಲಾ. ಎಷ್ಟು ಸಲ ಹೇಳ್ಬೇಕು ನಿಂಗೆ?"

ಪಾದ್ರಿ ಫುಲ್ಜೆನ್ಸಿಯೊ ಬಲಿಪೀಠದ ಹಾಸು ಸರಿಪಡಿಸುತ್ತ, ಮುಖ ತಿರುಗಿಸದೆಯೇ ಹೇಳಿದ. ಪೀಠದ ಬಲಗಡೆ ಮೊಳದುದ್ದದ ಕಂಚಿನ ದೇವದೂತ ಎಂದಿನಂತೆ ಮಂಡಿಯೂರಿ ಮೇಣದಬತ್ತಿ ಹಿಡಿದಿದ್ದ. ಎಡಗಡೆ ಇದ್ದದ್ದು ಧೂಳಿಲ್ಲದ ಒಂದು ದುಂಡು ಗುರುತು ಮಾತ್ರ.

"ಎರಕದ ಮೇಸ್ತ್ರಿ ಹತ್ರಾನೇ ಹೋಗಿ ಬಂದೆ, ಸ್ವಾಮಿ. ಅವನ ಹತ್ರ ಬಂದೇ ಇಲ್ವಂತೆ. ಊರಾಚೆ ಕಾರ್ಡಿನಲ್ ಪ್ರಭುಗಳ ಬಂಗಲೇಲಿದೆಯಂತೆ."

ಪಾದ್ರಿಯ ಕಿವಿ ಕೆಂಪಾಯಿತು. "ದೊಡ್ಡವರು ನೋಡಿ ಮೆಚ್ಚಿದರು. ಇಲ್ಲ ಅನ್ನೋಕಾಗುತ್ತಾ? ಹೊಗೆ ತುಂಬೋ ಈ ಮೂಲೆಗಿಂತ ಅಲ್ಲೇ ಅದಕ್ಕೆ ಮರ್ಯಾದೆ. ಕಲೆ ಅಂದ್ರೇನು ಅಂತ ಬಟ್ಟೆ ಒಗೆಯೋಳಿಗೆ ಏನು ಗೊತ್ತು?"

ಓರ್ಸೋಲಾಳಿಗೆ ಮೈಯೆಲ್ಲ ಉರಿದುಹೋಯಿತು. ಪಾದುವಾ ಪಟ್ಟಣಕ್ಕೆ ಪ್ಲೇಗು ಬಂದ ವರ್ಷ ಈ ಕೇರಿಯಲ್ಲಿ ಹೆಣ ಹೊರಲು ಗಂಡಸರೇ ಉಳಿದಿರಲಿಲ್ಲ. ಅವಳ ಇಬ್ಬರು ಹೆಣ್ಣುಮಕ್ಕಳೂ ಒಂದೇ ವಾರದಲ್ಲಿ ಹೋದರು. ರೋಗ ನಿಂತ ಮೇಲೆ ಹೆಂಗಸರೆಲ್ಲ ಹರಕೆ ತೀರಿಸಲೆಂದು ಮನೆಯಲ್ಲಿದ್ದ ಕಂಚನ್ನೆಲ್ಲ ತಂದು ಸುರಿದಿದ್ದರು. ಅದನ್ನು ಕರಗಿಸಿ ಎರಕ ಹೊಯ್ದದ್ದೇ ಆ ಇಬ್ಬರು ದೇವದೂತರು. ಓರ್ಸೋಲಾ ಕೊಟ್ಟದ್ದು ತಾಯಿಯ ಕಾಲದ ಕುಟ್ಟಾಣಿ. ಮಕ್ಕಳ ಕಷಾಯಕ್ಕೆ ಕೊನೆಯ ಸಲ ಬೇರು ಜಜ್ಜಿದ್ದೂ ಅದರಲ್ಲೇ.

"ಕಲೆ ಗೊತ್ತಿಲ್ಲ, ಸ್ವಾಮಿ. ಅದರೊಳಗೆ ಏನೇನು ಕರಗಿದೆ ಅಂತ ಗೊತ್ತು," ಎಂದು ಹೊರಟುಬಂದಳು.

ಭಾನುವಾರ ಪೂಜೆಗೆ ಜನ ತುಂಬಿದ್ದಾಗ ಅವಳು ನೇರ ಮೆಟ್ಟಿಲು ಹತ್ತಿ, ಪೀಠದ ಎಡಗಡೆ ಮಂಡಿಯೂರಿ, ಉರಿಯುವ ಬತ್ತಿ ಹಿಡಿದು ಕೂತುಬಿಟ್ಟಳು.

"ಇಳಿ ಕೆಳಗೆ! ಹೆಂಗಸರು ಇಲ್ಲಿಗೆ ಬರಬಾರದು!" ಪಾದ್ರಿ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಇಲ್ಲಿದ್ದವನನ್ನ ಕರಕೊಂಡು ಬನ್ನಿ, ಇಳೀತೀನಿ."

ಗಂಟೆ ಬಾರಿಸುವವನು ಅವಳ ರಟ್ಟೆಗೆ ಕೈಹಾಕಿದ. ಹಿಂದಿನಿಂದ ನೇಕಾರರ ಪಾಸ್ಕ್ವಾ ಕೂಗಿದಳು: "ಮುಟ್ಟಿ ನೋಡೋ! ನಿಮ್ಮವ್ವ ಕೊಟ್ಟ ದೀಪಾನೂ ಅದರಾಗೇ ಐತೆ, ಮರೆತ್ಯಾ?" ಅವನ ಕೈ ಸಡಿಲವಾಯಿತು.

ಓರ್ಸೋಲಾಳ ತೋಳು ಸೋತಾಗ ಪಾಸ್ಕ್ವಾ ಬಂದು ಬತ್ತಿ ಇಸಕೊಂಡಳು. ಮುಂದಿನ ಭಾನುವಾರ ಇನ್ನೊಬ್ಬಳು. ಪಾದ್ರಿ ಬಹಿಷ್ಕಾರದ ಬೆದರಿಕೆ ಹಾಕಿದ, ಆಮೇಲೆ ಬೇಡಿಕೊಂಡ. ಸುದ್ದಿ ಊರೆಲ್ಲ ಹಬ್ಬಿ ಬಂಗಲೆಯನ್ನೂ ಮುಟ್ಟಿತು. ಐದನೆಯ ವಾರ ಹೇಸರಗತ್ತೆಯ ಮೇಲೆ ಒಂದು ಪೆಟ್ಟಿಗೆ ಬಂತು. ಜೊತೆಗೆ ಒಂದು ಸಾಲಿನ ಕಾಗದವೂ ಇರಲಿಲ್ಲ.

ಓರ್ಸೋಲಾಳೇ ಹುಲ್ಲು ಸರಿಸಿ ದೇವದೂತನನ್ನು ಎತ್ತಿದಳು. ಬತ್ತಿ ನಿಲ್ಲಿಸುವ ಬಟ್ಟಲ ತುಂಬ ಒಣಗಿದ ಶಾಯಿ. ರೆಕ್ಕೆಯ ಮೇಲೆ ಲೇಖನಿ ಒರೆಸಿದ ಗೀರುಗಳು.

ಓರ್ಸೋಲಾ ಅದನ್ನು ಅವಚಿಕೊಂಡು ಕಾಲುವೆಯ ಒಗೆಯುವ ಕಲ್ಲುಗಳತ್ತ ನಡೆದಳು. ನೀರಲ್ಲಿ ಅದ್ದಿ, ಮಗುವಿನ ಕಿವಿಯ ಹಿಂದೆ ಉಜ್ಜುವ ಹಾಗೆ ಹೆಬ್ಬೆರಳಿನಿಂದ ಉಜ್ಜತೊಡಗಿದಳು. ಕಪ್ಪು ಬಿಟ್ಟುಕೊಂಡು, ಎಳೆ ಎಳೆಯಾಗಿ, ಕಾಲುವೆಯ ಕೆಳಹರಿವಿನಲ್ಲಿ ಹೆಂಗಸರು ಜಾಲಿಸುತ್ತಿದ್ದ ಬಿಳಿ ಹಾಸುಗಳತ್ತ ಹರಿಯಿತು. ಯಾರೂ ಬಟ್ಟೆಯನ್ನು ನೀರಿನಿಂದ ಮೇಲಕ್ಕೆ ಎಳೆದುಕೊಳ್ಳಲಿಲ್ಲ.