ಅವರಿಗೆ ಕೇಳಿಸುವ ರೆಕಾರ್ಡ್

ಬಟ್ಟೆ ಹೊಲಿಯುವ ಅವಳನ್ನು ಬೀದಿಯವರೆಲ್ಲ ರೇಡಿಯೊಮ್ಮ ಎಂದೇ ಕರೆಯುತ್ತಿದ್ದರು. ಅಳತೆ ಕೊಡಲು ಬಂದವರು ಅರ್ಧ ಊರಿನ ಸುದ್ದಿ ಕೇಳಿಸಿಕೊಂಡೇ ಹೋಗಬೇಕಿತ್ತು. ಅಂಥವಳ ಗಂಟಲಿಗೇ ಗಡ್ಡೆ ಬರಬೇಕೆ? ಮುಂದಿನ ವಾರ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ.

ಅವಳ ಯಜಮಾನರು ಸ್ಪೀಕರ್, ಆಂಪ್ಲಿಫಯರ್ ರಿಪೇರಿ ಮಾಡುವವರು. ಹಿಂದಿನ ಕೋಣೆಯಲ್ಲಿ ಗ್ರಾಮಫೋನ್ ರೆಕಾರ್ಡ್ ಕೊರೆಯುವ ಯಂತ್ರವೊಂದನ್ನು ಇಟ್ಟುಕೊಂಡು, ಕೇಳಿದವರಿಗೆ ಒಂದೊಂದು ಕೊರೆದು ಕೊಡುತ್ತಿದ್ದರು. ಅಮ್ಮನ ದನಿ ತನ್ನ ಫೋನಿನಲ್ಲಿ ಬೇಕಾದಷ್ಟಿದೆ ಎಂದು ಮಗಳು ಹೇಳಿದರೆ ಅವರು ಮೂಗು ಮುರಿದರು. ಫೋನಿನಲ್ಲಿ ಕೇಳುವುದೆಲ್ಲ ಬರೀ ಗುಜುಗುಜು, ಅವಳ ದನಿ ರೆಕಾರ್ಡಿನಲ್ಲೇ ಉಳಿಯಬೇಕು ಎಂದು ಹಟ ಹಿಡಿದರು.

ಹಟ ಹಿಡಿದವರು ಸುಮ್ಮನೆ ಕೂರಲಿಲ್ಲ. ಮೋಟಾರಿನ ಅದುರು ರೆಕಾರ್ಡಿಗೆ ಇಳಿಯದಂತೆ ಅದರ ಅಡಿಯಲ್ಲಿ ರಬ್ಬರ್ ಇಟ್ಟರು. ಕೊರೆಯುವ ಸೂಜಿ ಹೊಸದು ಹಾಕಿದರು. ಖಾಲಿ ರೆಕಾರ್ಡನ್ನು ಬಲ್ಬಿನ ಕೆಳಗಿಟ್ಟು ಮೆತ್ತಗೆ ಬಿಸಿ ಮಾಡಿದರು. ಕೊರೆದಂತೆ ಏಳುವ ಕೂದಲೆಳೆಯಂಥ ಕಪ್ಪು ಸಿಪ್ಪೆ ಸೂಜಿಗೆ ಸುತ್ತಿಕೊಳ್ಳದಂತೆ ಎಳೆದುಕೊಳ್ಳಲು ಸಣ್ಣ ಪಂಪು ಕೂರಿಸಿದರು. ಪ್ರತಿಸಲವೂ ಕೊರೆಯುವ ಮೊದಲು ಅಡುಗೆಮನೆಗೆ ಹೋಗಿ ಫ್ರಿಜ್ ಆರಿಸಿ ಬರುತ್ತಿದ್ದರು. ಹಾಲು ಒಡೆದರೂ ಚಿಂತೆಯಿಲ್ಲ, ಹೆಂಡತಿಯ ದನಿಯ ಹಿಂದೆ ಗುಂಯ್ ಎನ್ನಬಾರದು.

ಗುಂಯ್ ಎನ್ನುವುದು ನಿಂತಿತು, ಕರಕರವೂ ಹೋಯಿತು. ಆದರೆ ಮಾತಿನಲ್ಲಿ ‘ಸ’ ಬಂದಾಗಲೆಲ್ಲ ಕಾದ ಎಣ್ಣೆಗೆ ನೀರು ಬಿದ್ದಂತೆ ಚಟಚಟ ಸಿಡಿಯುತ್ತಿತ್ತು. ಅವಳಿಗೆ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. ಯಜಮಾನರು ಮಾತ್ರ ಕಣ್ಣು ಮುಚ್ಚಿ ಕೇಳಿ, ಇನ್ನೂ ಸ್ವಲ್ಪ ಸ್ಪಷ್ಟವಾಗಬೇಕು ಎಂದು ದನಿಯನ್ನು ಚೂಪು ಮಾಡುವ ಟ್ರೆಬಲ್ ಗುಂಡಿಯನ್ನು ಮತ್ತಷ್ಟು ತಿರುಗಿಸಿದರು. ಸಿಡಿತ ಇನ್ನೂ ಜೋರಾಯಿತು. ಒಳ್ಳೆ ಕೆಲಸಗಾರನಿಗೆ ಇಷ್ಟೂ ತಿಳಿಯುತ್ತಿಲ್ಲವಲ್ಲ ಎಂದು ಅವಳಿಗೆ ರೇಗಿತು.

ಮುಂದಿನ ಸಲ ಅವರು ಫ್ರಿಜ್ ಆರಿಸಲು ಹೋದಾಗ ಅವಳು ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿಟ್ಟಳು. ಆ ರೆಕಾರ್ಡ್ ಹಾಕಿದಾಗ ಅವಳ ದನಿ ಇದ್ದದ್ದು ಇದ್ದಂತೆ ಬಂತು. ಗಡ್ಡೆಯಿಂದ ತುಸು ಒಡೆದಿದ್ದರೂ ಅದು ಅವಳದೇ ದನಿ. ಅವಳಿಗೆ ಖುಷಿಯಾಯಿತು. ಯಜಮಾನರ ಮುಖ ಮಾತ್ರ ಇಳಿದುಹೋಯಿತು. ಸ್ಪೀಕರಿಗೆ ಕಿವಿ ಹಚ್ಚಿ ಕೂತರು.

“ಇದೇನು, ಬಾಯಿಗೆ ಬಟ್ಟೆ ಕಟ್ಕೊಂಡು ಮಾತಾಡ್ದಂಗಿದೆ,” ಎಂದರು. “ಏನ್ ಹೇಳ್ತಿದೀಯ ಅಂತಾನೇ ಗೊತ್ತಾಗ್ತಿಲ್ಲ.”

ಅವಳಿಗೆ ಆಗ ಹೊಳೆಯಿತು. ಇದ್ದದ್ದು ಇದ್ದಂತೆ ಇರುವ ದನಿ ಅವರಿಗೆ ಕೇಳುವುದು ಹೀಗೆ. ಎಷ್ಟು ವರ್ಷದಿಂದ ಹೀಗೋ ಏನೋ. ಅವಳು ವಟಗುಟ್ಟಿದ್ದಕ್ಕೆಲ್ಲ ಹೂಂ ಹೂಂ ಎನ್ನುತ್ತಿದ್ದ ಮನುಷ್ಯ ಕೇಳಿಸಿಕೊಂಡೇ ಇರಲಿಲ್ಲ. ಹಗಲಿನ ಮಾತು ಹಾಳಾಗಿ ಹೋಗಲಿ, ಅದರಲ್ಲಿ ಮುಕ್ಕಾಲು ಬೈಗುಳವೇ. ಆದರೆ ದಿನಾ ಮಲಗುವಾಗ, ದೀಪ ಆರಿಸಿ, ಮಗ್ಗುಲಾಗಿ, ಮೆಲ್ಲಗೆ ಅವಳು ಹೇಳುತ್ತಿದ್ದ ಒಂದು ಮಾತಿತ್ತು. ಅದಕ್ಕೂ ಅವರು ಹೂಂ ಎಂದೇ ನಿದ್ದೆಹೋಗುತ್ತಿದ್ದರು. ಆ ಒಂದು ಹೂಂ ನಂಬಿಕೊಂಡು ಅವಳು ಸಂಸಾರ ಮಾಡಿದ್ದಳು.

ನಿಮ್ಮ ಕಿವಿ ಹೋಗಿದೆ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಸದ್ದನ್ನೇ ನಂಬಿ ಬದುಕಿದ ಮನುಷ್ಯನಿಗೆ ಅದನ್ನು ಹೇಗೆ ಹೇಳುವುದು? ಅವರು ಮತ್ತೆ ಫ್ರಿಜ್ ಆರಿಸಲು ಹೋದಾಗ ಅವಳೇ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ಬೇರೆಯವರ ಕಿವಿ ಹರಿದುಹೋದರೆ ಹೋಗಲಿ. ಮೈಕಿನ ಮುಂದೆ ಕೂತು ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. ದನಿ ಬಿಟ್ಟು ಬಿಟ್ಟು ಬಂದರೂ ನಿಲ್ಲಿಸಲಿಲ್ಲ.

ಆಪರೇಷನ್ ಮುಗಿಸಿಕೊಂಡು ಅವಳು ಮನೆಗೆ ಬಂದಾಗ ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತಿತ್ತು, ಕೈಯಲ್ಲಿ ಒಂದು ಸ್ಲೇಟು. ರೇಡಿಯೊ ಕೆಟ್ಟಿತು ಎಂದು ತಮಾಷೆ ಮಾಡುವ ಧೈರ್ಯ ಬೀದಿಯಲ್ಲಿ ಯಾರಿಗೂ ಬರಲಿಲ್ಲ. ಯಜಮಾನರು ಮಗಳನ್ನು ಕೂರಿಸಿಕೊಂಡು ರೆಕಾರ್ಡ್ ಹಾಕಿದರು.

“ಕನ್ನಡಕ ತಲೆ ಮೇಲೇ ಇದೆ, ಸುಮ್ನೆ ಮನೆಯೆಲ್ಲಾ ಹುಡುಕ್ಬೇಡಿ…”

ಮಗಳು ಮುಖ ಕಿವುಚಿದಳು, ಏನೋ ಹೇಳಲು ಹೊರಟಳು. ತಾಯಿ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ಬೇಡವೆಂದು ತಲೆಯಾಡಿಸಿದಳು. ಯಜಮಾನರಿಗೆ ಅದರ ಪರಿವೆಯೇ ಇರಲಿಲ್ಲ. ತಲೆಯ ಮೇಲೆ ಕೈಯಾಡಿಸಿ ಕನ್ನಡಕ ಇರುವುದನ್ನು ನೋಡಿಕೊಂಡು ನಕ್ಕರು. ಒಂದೊಂದು ಅಕ್ಷರವೂ ಕೇಳುತ್ತಿದೆ ಎಂದು ಮಗಳ ಹತ್ತಿರ ಜಂಬ ಕೊಚ್ಚಿಕೊಂಡರು. ಅಷ್ಟರಲ್ಲಿ ರೆಕಾರ್ಡಿನ ಕೊನೆಯಲ್ಲಿ ಆ ಮಲಗುವ ಹೊತ್ತಿನ ಮಾತು ಬಂತು.

“ಹಗಲೆಲ್ಲಾ ಸಿಡುಕ್ತೀನಿ, ಮನಸ್ಸಿಗೆ ಹಚ್ಕೋಬೇಡಿ. ನೀವು ಹತ್ರ ಇದ್ರೇನೇ ನಂಗೆ ಸಮಾಧಾನ.”

ಅವರ ನಗು ನಿಂತಿತು. ಸೂಜಿ ಎತ್ತಿ ಹಿಂದಿಟ್ಟು ಅದೇ ಮಾತನ್ನು ಇನ್ನೊಮ್ಮೆ ಕೇಳಿದರು. ಕಣ್ಣು ಒರೆಸಿಕೊಂಡು ಹೆಂಡತಿಯ ಕಡೆ ತಿರುಗಿದರು.

“ಇಷ್ಟು ವರ್ಷದಲ್ಲಿ ಒಂದಿನಾನಾದ್ರೂ ಇದನ್ನ ಹೇಳ್ಬಾರ್ದಿತ್ತೇನೇ?”

ಅವಳು ಬಾಯಿ ತೆರೆದಳು. ಉಸಿರು ಕುತ್ತಿಗೆಯ ತೂತಿನಿಂದ ಹೊರಟುಹೋಯಿತು. ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಬಳಪ ಹಿಡಿದಳು. ಬರೆದು ಅವರ ಕಡೆ ತಿರುಗಿಸಿದಳು.

‘ಮರೆತೇಬಿಟ್ಟಿದ್ದೆ.’